ಬೆರಳು ಮೋಸ ಮಾಡಲ್ಲ

ಸ್ವಿಚ್ಚು ಒತ್ತಲು ಹೊರಟ ಅಪ್ಪನ ಕೈಯನ್ನು ಮಗಳು ಗಪ್ಪನೆ ಹಿಡಿದಳು. ರಿಪೇರಿಗೆ ಬಂದ ರೈಲು ಎಂಜಿನ್ನಿನ ಕಂಪ್ಯೂಟರ್ ಅದು; ಗಟ್ಟಿ ಪೆಟ್ಟಿಗೆಯೊಳಗೆ ಸರ್ಕ್ಯೂಟ್ ಕಾರ್ಡುಗಳು ಒಂದರ ಮೇಲೊಂದು ಕೂರಬೇಕು. ಅಪ್ಪ ಕೂರಿಸಿದ ಮೇಲಿನ ಕಾರ್ಡಿನ ಪಿನ್ನುಗಳು ಕೆಳಗಿನದರ ತೂತುಗಳಿಗೆ ಸೇರದೆ ಒಂದು ಸಾಲು ಆಚೆ ಸರಿದಿದ್ದವು. ಕರೆಂಟು ಕೊಟ್ಟಿದ್ದರೆ ಎಲ್ಲವೂ ಸುಟ್ಟು ಕರಕಲಾಗುತ್ತಿತ್ತು.

"ಯಾಕೇ, ಏನಾಯ್ತು?"

"ಏನಿಲ್ಲಪ್ಪಾ, ಇನ್ನೊಂದ್ಸಲ ನೋಡಿಬಿಡು."

ಅವಳಿಗೆ ಈ ಕೆಲಸ ಕಲಿಸಿದವನೇ ಅವನು. "ಕಣ್ಣು ಮೋಸ ಮಾಡುತ್ತೆ ಕಣೇ, ಬೆರಳು ಮಾಡಲ್ಲ" ಎಂದು ತಲೆ ತಿನ್ನುತ್ತಿದ್ದವನು. ಎಂದಿನಂತೆ ಕಣ್ಣು ಮುಚ್ಚಿ ಕಾರ್ಡಿನ ಅಂಚಿನುದ್ದಕ್ಕೂ ಬೆರಳೋಡಿಸಿದ. ಹೊರಗುಳಿದ ಪಿನ್ನುಗಳು ಚುಚ್ಚಿ ಬೆರಳತುದಿಯಲ್ಲಿ ರಕ್ತ ಜಿನುಗಿತು. ಅವನ ಹುಬ್ಬು ಕೂಡ ಅಲುಗಲಿಲ್ಲ.

"ಸರಿಯಾಗೇ ಕೂತಿದೆಯಲ್ಲೇ," ಎಂದ ಅಪ್ಪ.