ಒಟ್ಟು ಎಷ್ಟು ಜನ?

"ಒಟ್ಟು ಎಷ್ಟು ಜನ?" ಕಡಲಂಚಿನ ಚೌಕಿಯ ಕಾವಲಿನ ಹೆಂಗಸು ದಾಖಲೆ ಪುಸ್ತಕ ಬಿಚ್ಚಿ ಕೇಳಿದಳು.

"ಇಬ್ಬರು," ಎಂದರು ಮೇಷ್ಟ್ರು.

ಪಕ್ಕದಲ್ಲಿ ಎರಡನೇ ಚೊಂಬು ನೀರು ಕುಡಿಯುತ್ತಿದ್ದ ಕಂಪೌಂಡರ್ ಒಂದು ಗಳಿಗೆ ಅವರ ಮುಖ ನೋಡಿದ. ಆಮೇಲೆ ಮತ್ತೆ ಚೊಂಬಿಗೆ ಬಾಯಿಟ್ಟ.

ಮೂರನೆಯವನನ್ನು ಮರಳುಗುಡ್ಡಗಳ ನಡುವೆ ಮಲಗಿಸಿ ಬಂದಿದ್ದರು.

ಮೂವರದ್ದೂ ಶಾಲೆಯ ಬೆಂಚಿನಿಂದ ಬಂದ ಗೆಳೆತನ. ಒಬ್ಬರು ಡ್ರಾಯಿಂಗ್ ಮೇಷ್ಟ್ರಾದರು, ಇನ್ನೊಬ್ಬ ಕಂಪೌಂಡರ್. ಎಲ್ಲ ಬಾಗಿಲಿಗೂ ತಲೆ ಬಗ್ಗಿಸಲೇಬೇಕಾದ ಲಂಬು ವೈರಿಂಗ್ ಕೆಲಸ ಹಿಡಿದ. ಬೆನ್ನಿಗೆ ಚೀಲ ಹೊತ್ತು ಮರಳುಗಾಡಿನ ಅಂಚಿನಲ್ಲಿ ನಡೆದು, ಕಡಲ ನಡುವಿನ ದ್ವೀಪಗಳಲ್ಲಿ ನೀರುನಾಯಿಯಂಥ ಕಡಲಪ್ರಾಣಿಗಳಾದ ಸೀಲ್‌ಗಳನ್ನು ನೋಡಿ ಬರೋಣ ಎಂದು ಆರು ವರ್ಷದಿಂದ ಪ್ರಾಣ ತಿಂದವನು ಅವನೇ.

ಹಕ್ಕಿಗಳು ಮೊಟ್ಟೆಯಿಡುವ ಕಾಲ, ಮರಳುಗುಡ್ಡಗಳ ಕಡೆ ಯಾರೂ ಹೋಗಕೂಡದು ಎಂಬ ಹಲಗೆಯನ್ನು ಮೂವರೂ ಓದಿದ್ದರು. ದಾರಿ ತಪ್ಪಿ ಹೋದ ಒಬ್ಬಂಟಿಗೆ ಬರೀ ಎಚ್ಚರಿಕೆ, ಗುಂಪಾಗಿ ಹೋದವರ ಮೇಲೆ ಕೇಸು. ಆದರೆ ಅನುಮತಿಯಿದ್ದ ಕಡಲಂಚಿನ ದಾರಿ ಎರಡು ದಿನದ ಸುತ್ತು. "ಯಾರು ನೋಡ್ತಾರೆ, ನಡೀರಿ" ಎಂದು ಮೊದಲು ಹೆಜ್ಜೆ ಇಟ್ಟದ್ದು ಮಾತ್ರ ಮೇಷ್ಟ್ರು.

ಮರುದಿನ ಬೆಳಿಗ್ಗೆ ಏಳಕ್ಕೆ ಇಳಿಜಾರಿನಲ್ಲಿ ಲಂಬುವಿನ ಕಾಲು ಉಳುಕಿತು. ಪಾದ ಊರಲಾಗಲಿಲ್ಲ. ಗೆಳೆಯರು ನೆರಳಿಗೆ ದುಪ್ಪಟಿ ಕಟ್ಟಿದರು. ನೀರಿನ ಎರಡೂ ಕ್ಯಾನುಗಳನ್ನು ಅವನ ಬಳಿಯೇ ಬಿಟ್ಟು, ತಮಗೆಂದು ಒಂದು ಬಾಟಲಿ ಇಟ್ಟುಕೊಂಡರು. ಮಧ್ಯಾಹ್ನದೊಳಗೆ ಜೀಪು ಕಳಿಸುತ್ತೇವೆಂದು ಮೇಷ್ಟ್ರು ಅವನ ಕೈ ಹಿಡಿದು ಹೇಳಿದರು.

"ನಿಧಾನಕ್ಕೆ ಹೋಗ್ರೋ," ಎಂದು ಲಂಬು ನಕ್ಕ. "ನಾನೆಲ್ಲಿ ಓಡಿಹೋಗ್ತೀನಿ?"

ಇಟ್ಟ ಹೆಜ್ಜೆಯ ಗುರುತು ಮರುಗಳಿಗೆಗೆ ಉಳಿಯದಂಥ ಗಾಳಿ. ಹತ್ತು ಗಂಟೆಗೆ ಬಾಟಲಿ ಬರಿದಾಯಿತು. ಕಂಪೌಂಡರ್ ಎರಡು ಸಲ ಬಿದ್ದ. ಚೌಕಿ ಕಂಡಾಗ ಮಧ್ಯಾಹ್ನ ಒಂದು ಗಂಟೆ.

ಜೀಪು ಚೌಕಿಯ ಎದುರೇ ನಿಂತಿತ್ತು. ಒಂದು ಮಾತು ಸಾಕಿತ್ತು. ಆದರೆ ಕೇಸು ಎಂದರೆ ಇಲಾಖೆಗೆ ಕಾಗದ ಹೋಗುತ್ತದೆ. ಇನ್ನೆರಡು ತಿಂಗಳಲ್ಲಿ ಮೇಷ್ಟ್ರು ಹೆಡ್‌ಮಾಸ್ಟರ್ ಆಗುವವರಿದ್ದರು. ಕಡಲಂಚಿನ ದಾರಿಯಲ್ಲೇ ಬಂದೆವು, ಇಬ್ಬರೇ, ಎಂದುಬಿಟ್ಟರೆ ಕೇಳುವವರಿಲ್ಲ. ಆಮೇಲೆ ಮೀನುಗಾರರ ಗಾಡಿಯೊಂದನ್ನು ಗುಟ್ಟಾಗಿ ಕಳಿಸಿದರಾಯಿತು.

ಆ ಆಮೇಲೆ ಬರಲೇ ಇಲ್ಲ. ಕಂಪೌಂಡರ್ ನಿಂತಲ್ಲೇ ಕುಸಿದ. ಆರೈಕೆಯ ಕೋಣೆ ಇದ್ದದ್ದು ದ್ವೀಪದಲ್ಲಿ. ಕಾವಲಿನವಳು ಇಬ್ಬರನ್ನೂ ದೋಣಿಗೆ ಹತ್ತಿಸಿದಳು.

ದೋಣಿಯಲ್ಲಿ ಹೇಳಬಹುದಿತ್ತು. ದಡ ಮುಟ್ಟಲಿ ಎಂದುಕೊಂಡರು ಮೇಷ್ಟ್ರು. ದಡ ಮುಟ್ಟಿದ ಮೇಲೆ, ಗೆಳೆಯನಿಗೆ ಗ್ಲೂಕೋಸ್ ಹಾಕಲಿ ಎಂದುಕೊಂಡರು. ಈಗ ಹೇಳಿದರೆ, ಅರ್ಧ ಗಂಟೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾಳೆ. ಅರ್ಧ ಗಂಟೆ ಒಂದು ಗಂಟೆಯಾಯಿತು. ಒಂದು ಎರಡಾಯಿತು. ತಡವಾದಷ್ಟೂ ಹೇಳುವುದು ಕಷ್ಟವಾಗುತ್ತ ಹೋಯಿತು.

ಕೋಣೆಯನ್ನು ಹಲಗೆಯ ಗೋಡೆ ಎರಡು ಮಾಡಿತ್ತು. ಆಚೆ ಒಬ್ಬರು ಮಲಗಿದ್ದಾರೆ, ಮೆತ್ತಗೆ ಮಾತಾಡಿ ಎಂದು ಕಾವಲಿನವಳು ಹೇಳಿಹೋಗಿದ್ದಳು. ಕಂಪೌಂಡರ್ ಕಣ್ಣು ಬಿಟ್ಟ.

"ಮೇಷ್ಟ್ರೇ, ಹೇಳಿದ್ಯಾ?"

"ಇಲ್ಲ."

"ನಾನೂ ಸುಮ್ಮನಿದ್ದೆ ಕಣೋ," ಎಂದ ಅವನು, ಗೋಡೆಯ ಕಡೆ ಹೊರಳಿ.

ಹಲಗೆಯ ಆಚೆ ಕೆಮ್ಮುತ್ತಿದ್ದವರು ಥಟ್ಟನೆ ನಿಲ್ಲಿಸಿದರು.

ಮೇಷ್ಟ್ರು ಹೊರಗೆ ಬಂದರು. ಬಂಡೆಗಳ ಮೇಲೆ ನೂರಾರು ಸೀಲ್‌ಗಳು ಒದ್ದೆ ಮೂಟೆಗಳಂತೆ ಬಿದ್ದುಕೊಂಡಿದ್ದವು. ತಾಯಿ ತಪ್ಪಿದ ಮರಿಯೊಂದು ಒಂದೊಂದೇ ಸೀಲ್‌ನ ಹತ್ತಿರ ಹೋಗಿ ಮೂಸುತ್ತ, ಒದೆಸಿಕೊಳ್ಳುತ್ತ ಅಲೆಯುತ್ತಿತ್ತು. ಇದನ್ನು ನೋಡಲೆಂದೇ ಲಂಬು ಹಳೆಯ ಬೈನಾಕ್ಯುಲರ್ ಒಂದನ್ನು ರಿಪೇರಿ ಮಾಡಿ ತಂದಿದ್ದ. ಅದು ಮೇಷ್ಟ್ರ ಕೊರಳಲ್ಲಿತ್ತು. ದಾರಿ ಹುಡುಕಲು ಬೇಕಾಗುತ್ತದೆಂದು ಅವನೇ ಹಾಕಿ ಕಳಿಸಿದ್ದ. ಅದನ್ನು ಕಣ್ಣಿಗೆ ಹಿಡಿಯಲು ಮೇಷ್ಟ್ರಿಗೆ ಕೈ ಏಳಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಹೆಡ್‌ಮಾಸ್ಟರ್ ಕುರ್ಚಿಯಲ್ಲಿ ಕೂತು ಮಕ್ಕಳಿಗೆ ಏನು ಹೇಳಬೇಕು?

ಐದು ಗಂಟೆಯಾಗಿತ್ತು. ಬೆಳಕಿರುವಾಗಲೇ ದೋಣಿ ಹೊರಡಬಹುದಿತ್ತು.

ಕಾವಲಿನವಳು ಮೆಟ್ಟಿಲ ಮೇಲೆ ಕೂತು ನೀರುಹಕ್ಕಿಯೊಂದರ ಕಾಲಿಗೆ ಸುತ್ತಿಕೊಂಡ ಬಲೆಯ ದಾರ ಕತ್ತರಿಸುತ್ತಿದ್ದಳು. ಮೇಷ್ಟ್ರು ಅವಳೆದುರು ಕೈಮುಗಿದು ನಿಂತರು.

"ಅಕ್ಕ, ನಾವು ಇಬ್ಬರಲ್ಲ. ಮೂವರು."

ಆಮೇಲೆ ಎಲ್ಲ ಹೇಳಿದರು. ಹಲಗೆ ಓದಿದ್ದು, ಕಾಲು ಉಳುಕಿದ್ದು, ಕುರ್ಚಿಯ ಆಸೆ, ಯಾವುದನ್ನೂ ಬಿಡಲಿಲ್ಲ. ಕೆಲಸ ಹೋದರೆ ಹೋಗಲಿ, ಈಗಲೇ ಜೀಪು ಕಳಿಸಿ ಎಂದು ಬೇಡಿಕೊಂಡರು.

ಅವಳು ಹಕ್ಕಿಯನ್ನು ಕೆಳಗೆ ಬಿಟ್ಟು, ಕತ್ತರಿ ಮಡಚಿದಳು.

"ತುಂಬಾ ಎತ್ತರದವರಾ?" ಎಂದಳು.

ಮೇಷ್ಟ್ರು ತಲೆಯಾಡಿಸಿದರು.

"ಬೆಳಿಗ್ಗೆ ಏಳೂವರೆಗೇ ನಮ್ಮ ಜೀಪಿಗೆ ಸಿಕ್ಕಿದ್ರು."

ಮೇಷ್ಟ್ರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಬದುಕಿದ್ದಾನೆ. ಆಮೇಲಷ್ಟೇ ಹೊತ್ತಿನ ಲೆಕ್ಕ ತಲೆಗೆ ಹತ್ತಿತು. ಏಳೂವರೆ. ತಾವಿನ್ನೂ ಎರಡನೇ ಗುಡ್ಡವನ್ನೂ ದಾಟಿರಲಿಲ್ಲ.

"ಜೊತೆಗೆ ಯಾರಾದ್ರೂ ಇದ್ದಾರಾ ಅಂತ ಮೂರು ಸಲ ಕೇಳಿದ್ವಿ," ಎಂದಳು ಅವಳು. "ಯಾರೂ ಇಲ್ಲ, ಒಬ್ಬನೇ ದಾರಿ ತಪ್ಪಿ ಬಂದೆ ಅಂತ ಬರೆಸಿದ್ದಾರೆ. ಈಗ ನಿಮ್ಮ ಪಕ್ಕದ ಕೋಣೆಯಲ್ಲೇ ಇದ್ದಾರೆ. ನಿಮ್ಮ ದನಿ ಕೇಳಿದಾಗಿನಿಂದ, ಅವರಿಗೆ ಮುಖ ತೋರಿಸಲಾರೆ, ಬಾಗಿಲು ಮಾತ್ರ ತೆಗೀಬೇಡಿ ಅಂತ ಅಳ್ತಿದ್ದಾರೆ."