ಅಪ್ಪ ಅಳೆದುಕೊಟ್ಟ ಅಂಗಡಿ

ಇವತ್ತು ಜೋಳ ಬೀಸಿಸಿಕೊಂಡು ಬಂದೆ, ಹಾಸಿಗೆ ಬಿಸಿಲಿಗೆ ಹಾಕಿದೆ, ಗಂಗಾವತಿಯ ಮಾಲಿಗೆ ಹೋಗಿ ಪರದೆ ಬಟ್ಟೆ ತಂದೆ. ಅದರ ಗಂಜಿ ವಾಸನೆ ಇನ್ನೂ ಕೈಯಲ್ಲಿದೆ.

ಆ ಮಾಲ್ ಇರುವಲ್ಲಿ ಮೊದಲು ನಮ್ಮ ಜವಳಿ ಅಂಗಡಿ ಇತ್ತು. ಅಪ್ಪ ಬಿಳಿ ಗಾದಿಯ ಮೇಲೆ ಕೂತು ಕಬ್ಬಿಣದ ಗಜದಿಂದ ಬಟ್ಟೆ ಅಳೆದು, ಕತ್ತರಿಸುವ ಮುನ್ನ ನಾಲ್ಕು ಬೆರಳು ಹೆಚ್ಚಿಗೆ ಬಿಡುತ್ತಿದ್ದ. ಒಂದು ಮಧ್ಯಾಹ್ನ ಕಾಕಾ ಇಬ್ಬರನ್ನು ಕರೆತಂದ.

"ಅಣ್ಣಾ, ಹೊಸಾ ಕಪಾಟು ಮಾಡಸೂಣು. ಇವರಿಗೆ ಅಂಗಡಿ ಅಳತಿ ಬೇಕಂತ."

ಬಂದವರಲ್ಲೊಬ್ಬ ಅಳತೆ ಟೇಪ್ ತೆಗೆದ. "ಟೇಪ್ ಯಾಕ್ರೀ? ನಮ್ಮ ಗಜ ಐತಲ್ಲ," ಎಂದು ಅಪ್ಪ ತಾನೇ ಮೊಣಕಾಲೂರಿ ಗೋಡೆಯಿಂದ ಗೋಡೆಗೆ ಅಳೆದ. ರೂಢಿಯಂತೆ ಕೊನೆಗೆ ನಾಲ್ಕು ಬೆರಳು ಸೇರಿಸಿದ.

"ಜಾಗಾಕ್ಕೂ ಕೊಸರು ಕೊಡ್ತಿ ನೋಡಣ್ಣಾ!" ಕಾಕಾ ನಕ್ಕ. ಅಪ್ಪನೂ ನಕ್ಕು ಎಲ್ಲರಿಗೂ ಚಹಾ ತರಿಸಿದ.

ಚಹಾ ಕುಡಿದು ಏಳುವಾಗ ಅವರಲ್ಲೊಬ್ಬ, "ದೀಪಾವಳಿಯೊಳಗ ಖಾಲಿ ಮಾಡ್ರಿ ಯಜಮಾನ್ರ. ಕೆಡವಿ ದೊಡ್ಡ ಅಂಗಡಿ ಕಟ್ಟಸ್ತೀವಿ," ಅಂದ.

ಅಪ್ಪ ತಮ್ಮನ ಮುಖ ನೋಡಿದ.

"ಮಾರಿಬಿಟ್ಟೀನಣ್ಣಾ. ಜಾಗಾ ನನ್ನ ಹೆಸರಿಗೆ ನೀನ ಬರಸಿದ್ದಿ," ಅಂದ ಕಾಕಾ.

ಅಪ್ಪ ಗಜವನ್ನು ತುಂಡು ಬಟ್ಟೆಯಿಂದ ಒರೆಸಿ ಮೊಳೆಗೆ ತೂಗುಹಾಕಿದ.

ರಾತ್ರಿ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ರೊಟ್ಟಿ, ಪುಂಡಿಪಲ್ಯ ಉಂಡೆವು. ಅವ್ವ ದಿನದಂತೆ ಕಾಕಾನ ರೊಟ್ಟಿಗೂ ಬೆಣ್ಣೆ ಇಟ್ಟಳು. ಎಲ್ಲರಿಗಿಂತ ಮೊದಲು ನಿದ್ದೆ ಹೋದವನು ಅವನೇ.