ಹತ್ತು ಲಕ್ಷದ ಒಂದು

“ರೀ, ಹತ್ತು ಲಕ್ಷದ ಒಂದು ಅವಿಭಾಜ್ಯ ಸಂಖ್ಯೆ. ಯಾವುದರಿಂದ ಭಾಗಿಸಿದ್ರೂ ಶೇಷ ಉಳೀತದೆ” ಎಂದು ವನಜಮ್ಮ ಬೇಕೆಂದೇ ತಪ್ಪು ಹೇಳಿದಳು. ಗಂಜಿ ಕುಡಿಸುತ್ತಿದ್ದ ಚಮಚವನ್ನು ಲೋಟಕ್ಕಿಳಿಸಿ, ಗಂಡನ ಬಲಗೈ ತೋರುಬೆರಳನ್ನೇ ನೋಡುತ್ತ ಕೂತಳು.

ಗುಬ್ಬಿಯಲ್ಲಿ ಲೆಕ್ಕದ ಮೇಷ್ಟ್ರಾಗಿದ್ದ ರಾಮಾಂಜಿನಯ್ಯ ಮುನಿಸಿಕೊಂಡರೆ ವಾರಗಟ್ಟಲೆ ಮಾತು ಬಿಡುತ್ತಿದ್ದರು. ಆಗೆಲ್ಲ ಅವಳಿಗಿದ್ದದ್ದು ಇದೊಂದೇ ಉಪಾಯ. ಮದುವೆಯ ಹೊಸತರಲ್ಲಿ ಕುಣಿಗಲ್ ಬಸ್ಸಿನಲ್ಲಿ ಅವರೇ ಹೇಳಿಕೊಟ್ಟ ಸಂಖ್ಯೆ ಅದು. ಆ ತುದಿಗೊಂದು ಒಂದು, ಈ ತುದಿಗೊಂದು ಒಂದು, ನಡುವೆ ಬರೀ ಸೊನ್ನೆ. ಎಂಥ ಜಗಳವನ್ನೂ ನುಂಗಿಕೊಳ್ಳುತ್ತಿದ್ದವರಿಗೆ ತಪ್ಪು ಲೆಕ್ಕವೊಂದನ್ನು ಮಾತ್ರ ನುಂಗಲು ಆಗುತ್ತಿರಲಿಲ್ಲ. ಬೆರಳೆತ್ತಿ, “ಯಾರೇ ನಿಂಗೆ ಹೇಳ್ದೋರು? ನೂರೊಂದರಿಂದ ಭಾಗಿಸು. ಒಂಬತ್ತು ಸಾವಿರದ ಒಂಬೈನೂರ ಒಂದು ಬರ್ತದೆ, ಶೇಷ ಸೊನ್ನೆ” ಎಂದು ಗದರುತ್ತಿದ್ದರು. ಗದರಿದ ಮೇಲೆ ಇಬ್ಬರಿಗೂ ನಗು ಬಂದು, ಮುನಿಸು ಅಲ್ಲಿಗೆ ಮುಗಿಯುತ್ತಿತ್ತು.

ವಯಸ್ಸು ಎಂಬತ್ತೆರಡು ತುಂಬಿದ ವರ್ಷದ ಯುಗಾದಿ ಕಳೆದ ಮೇಲೆ ಅವರು ಬಾಯಿ ಬಿಟ್ಟಿರಲಿಲ್ಲ. ತುಮಕೂರಿನ ಡಾಕ್ಟರು ಇದು ಮರೆವಿನ ಕಾಯಿಲೆ ಎಂದಿದ್ದರು. ಮುನಿಸೇ ಇದ್ದರೂ ಇರಬಹುದು ಎಂಬ ಆಸೆಯನ್ನು ವನಜಮ್ಮ ಇನ್ನೂ ಬಿಟ್ಟಿರಲಿಲ್ಲ.

ಬೆರಳು ಮೇಲೆದ್ದಿತು. ಗಾಳಿಯಲ್ಲಿ ಒಂದು ಗಳಿಗೆ ತಡೆದ ಆ ಬೆರಳು, ಗದ್ದಕ್ಕೆ ಅಂಟಿದ್ದ ಗಂಜಿಯನ್ನು ಒರೆಸಿಕೊಂಡು ಕೆಳಗಿಳಿಯಿತು. ರಾಮಾಂಜಿನಯ್ಯ ಅವಳ ಮುಖ ನೋಡಿ, ಬಲು ವಿನಯದಿಂದ ತಲೆಯಾಡಿಸಿದರು.

“ನೀವು ಹೇಳಿದ್ಮೇಲೆ ಸರೀನೇ ಇರ್ತದೆ ಬಿಡಿ, ತಾಯಿ.”